ಹಿಂದಿನಿಂದ ಯಾರೂ ಕರೆಯಲಿಲ್ಲ

ಪುತ್ತೂರಿನ ಜವಳಿ ಅಂಗಡಿಯೊಂದರ ಎರಡನೇ ಮಾಳಿಗೆಯಲ್ಲಿ, ಮದುವೆ ಸೀರೆಯ ವಿಭಾಗದಲ್ಲಿ, ಇಪ್ಪತ್ತೊಂದು ವರ್ಷ ಕೆಲಸ ಮಾಡಿದವಳು ನಾನು. ಆ ಅಂಗಡಿ ನನ್ನನ್ನು ಕೆಲಸದಿಂದ ತೆಗೆದ ಕಥೆಯನ್ನು ಈಗ ನಾನೇ ನಗುತ್ತ ಹೇಳುತ್ತೇನೆ. ಆಗ ನಗಲಿಲ್ಲ. ಆಗ ನಾನು ವ್ಯಾಪಾರ ಮಾಡಿದೆ, ಅದೂ ನನ್ನ ಜೀವಮಾನದಲ್ಲೇ ಅತಿ ಕೆಟ್ಟ ವ್ಯಾಪಾರ.

ಮೊದಲು ನನ್ನ ಯೋಗ್ಯತೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ದಡ್ಡತನದ ಅಳತೆ ನಿಮಗೆ ಸಿಗುವುದಿಲ್ಲ. ಪಿಯುಸಿ ಮುಗಿಸಿ, ಆಲಂಕಾರಿನಿಂದ ಎರಡು ಬಸ್ಸು ಹಿಡಿದು ಹೋಗಿ, ರವಿಕೆ ಕಣ ಮಡಚುವ ಕೆಲಸಕ್ಕೆ ಸೇರಿದವಳು ಹತ್ತು ವರ್ಷದಲ್ಲಿ ಮದುವೆ ವಿಭಾಗದ ಮುಖ್ಯಸ್ಥೆಯಾದೆ. ಮನೆಯಲ್ಲಿ ತುಳು, ಅಂಗಡಿಯಲ್ಲಿ ಕನ್ನಡ, ಬಂದವರ ಮುಖ ನೋಡಿ ಮಲಯಾಳ, ಬ್ಯಾರಿ, ಅರೆಭಾಷೆ. ಮದುವೆ ಜವಳಿಗೆ ಸುಳ್ಯದ ಕಡೆಯಿಂದ ಎರಡು ಜೀಪು ತುಂಬ ಜನ ಬಂದರೆ, ಮೆಟ್ಟಿಲು ಹತ್ತಿ ಮೇಲೆ ಬರುವಷ್ಟರಲ್ಲಿ ಅವರಲ್ಲಿ ತೀರ್ಮಾನ ಮಾಡುವವರು ಯಾರು ಎಂದು ನನಗೆ ತಿಳಿಯುತ್ತಿತ್ತು. ಮದುಮಗಳಂತೂ ಅಲ್ಲವೇ ಅಲ್ಲ. ಒಂದು ಸೀರೆಯನ್ನೂ ಮುಟ್ಟದೆ ಮೂಲೆಯಲ್ಲಿ ಕೂತು ಶರಬತ್ತು ಕುಡಿಯುವ ಒಬ್ಬರು ಅತ್ತೆ ಇರುತ್ತಾರಲ್ಲ, ಅವರು. ನಾನು ಸೀರೆ ಬಿಡಿಸುತ್ತಿದ್ದದ್ದು ಮದುಮಗಳ ಎದುರು, ಕಣ್ಣು ಇರುತ್ತಿದ್ದದ್ದು ಆ ಶರಬತ್ತಿನ ಲೋಟದ ಮೇಲೆ.

ನಮ್ಮ ಕಡೆ ಚೌಕಾಸಿಗೆ ಒಂದು ಕ್ರಮ ಇದೆ. ಮೀನಿಗಾಗಲಿ, ಹಸುವಿಗಾಗಲಿ, ಮದುವೆ ಹಾಲ್‌ಗಾಗಲಿ, ಮಾತು ಒಂದು ಹಂತಕ್ಕೆ ಬಂದು ನಿಂತಾಗ ಕೊಳ್ಳುವವರು ಎದ್ದು ಹೊರಡುತ್ತಾರೆ. ಹೊರಡುತ್ತಾರೆ ಅಷ್ಟೆ, ಹೋಗುವುದಿಲ್ಲ. ಮಾರುವವರು ಹಿಂದಿನಿಂದ ಕರೆಯಬೇಕು. ಇವರು ಬೇಸರದ ಮುಖ ಮಾಡಿಕೊಂಡು ತಿರುಗಬೇಕು. ಆಮೇಲೆ ಇಬ್ಬರೂ ಮೊದಲೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ದರಕ್ಕೆ ಬರಬೇಕು. ನಮ್ಮ ಅಂಗಡಿಯಲ್ಲಿ ‘ಒಂದೇ ದರ’ ಎಂದು ದೊಡ್ಡದಾಗಿ ಬೋರ್ಡು ಹಾಕಿದ್ದರೂ ಈ ಕ್ರಮ ತಪ್ಪಿರಲಿಲ್ಲ. ಆ ಕರೆಯುವ ಕೆಲಸ ನನ್ನದಾಗಿತ್ತು. ಎದ್ದವರು ಕನ್ನಡಿ ಕಂಬದ ಹತ್ತಿರ ಬಂದಾಗ ಕರೆಯಬೇಕು. ಅದಕ್ಕಿಂತ ಮೊದಲು ಕರೆದರೆ ನಮ್ಮ ದರ ಬೀಳುತ್ತದೆ, ಮೆಟ್ಟಿಲಿಗೆ ಕಾಲಿಟ್ಟ ಮೇಲೆ ಕರೆದರೆ ಅವರ ಮರ್ಯಾದೆ ಎದ್ದುಬಿಡುತ್ತದೆ. “ಅಕ್ಕಾ, ಒಂದು ನಿಮಿಷ ಬನ್ನಿ, ಮದುವೆ ಮನೆಯವರು ಹಾಗೆ ಬರಿಗೈಯಲ್ಲಿ ಹೋಗ್ಬಾರ್ದು” ಎಂದು ಎಷ್ಟು ಸಾವಿರ ಸಲ ಹೇಳಿದ್ದೇನೋ ನನಗೇ ಗೊತ್ತಿಲ್ಲ.

ಹಳೆಯ ಧಣಿಗಳಿಗೆ ವಯಸ್ಸಾಯಿತು. ಅವರು ಅಂಗಡಿಯನ್ನು ಹೊರಗಿನ ದೊಡ್ಡ ಕಂಪೆನಿಯವರಿಗೆ ಕೊಟ್ಟರು. ಕಂಪೆನಿಯವರು ಒಬ್ಬ ಮ್ಯಾನೇಜರನ್ನು ಕಳಿಸಿದರು. ಮೂವತ್ತರ ಹುಡುಗ, ಘಟ್ಟದ ಮೇಲಿನವನು, ಮೆಲ್ಲಗೆ ಮಾತನಾಡುವವನು. ಬಂದ ಮೂರನೇ ತಿಂಗಳಿಗೆ ನಮ್ಮಲ್ಲಿ ಆರು ಜನರನ್ನು ಒಬ್ಬೊಬ್ಬರಾಗಿ ಕೋಣೆಗೆ ಕರೆದ. ಮದುವೆ ವಿಭಾಗವನ್ನು ಚಿಕ್ಕದು ಮಾಡುತ್ತಾರಂತೆ. ಮಂಗಳೂರಿನ ಗೋಡೌನಿನಲ್ಲಿ ಸ್ಟಾಕ್ ನೋಡಿಕೊಳ್ಳುವ ಕೆಲಸ ಇದೆ, ಬೇಡವಾದರೆ ಲೆಕ್ಕ ಚುಕ್ತಾ ಮಾಡಿಸಿಕೊಂಡು ಹೋಗಬಹುದು ಎಂದ.

ನಾನು ಮನಸ್ಸಿನಲ್ಲೇ ನಕ್ಕೆ. ಮೊದಲು ಹೇಳಿದ ದರಕ್ಕೆ ಯಾರಾದರೂ ಒಪ್ಪುತ್ತಾರೆಯೇ? ನನ್ನ ಕಡೆಯಿಂದ ಹೇಳಬೇಕಾದದ್ದನ್ನು ಹೇಳಿದೆ: ಪುತ್ತೂರಿನಲ್ಲೇ ಇರುತ್ತೇನೆ, ಇದೇ ವಿಭಾಗ, ಜೊತೆಗೆ ಬಸ್ಸಿನ ಖರ್ಚು. ಬಸ್ಸಿನ ಖರ್ಚನ್ನು ಆಮೇಲೆ ಬಿಟ್ಟುಕೊಡಲೆಂದೇ ಸೇರಿಸಿದ್ದೆ.

“ಮೇಡಂ, ಇರೋದು ಇವೆರಡೇ” ಎಂದ.

ಇದನ್ನು ದಿನಕ್ಕೆ ಇಪ್ಪತ್ತು ಸಲ ನಾನೇ ಹೇಳುತ್ತಿದ್ದೆ. ಹೇಳುವವರ ಮುಖ ಹೇಗಿರುತ್ತದೆ ಎಂದು ನನಗೆ ಗೊತ್ತಿತ್ತು. ಅವನ ಮುಖ ಹಾಗಿರಲಿಲ್ಲ, ಆದರೆ ನಾನು ಅದನ್ನು ಗಮನಿಸಲಿಲ್ಲ. ಎದ್ದೆ. “ಹಾಗಾದ್ರೆ ನನಗೆ ಬೇಡ ಸರ್, ನಮಸ್ಕಾರ” ಎಂದು ಸೆರಗು ಸರಿಮಾಡಿಕೊಂಡು ಹೊರಟೆ.

ಬಾಗಿಲು ದಾಟಿದೆ. ಕನ್ನಡಿ ಕಂಬ ಬಂತು. ಅಲ್ಲಿ ನಿಂತು ಹಣೆಯ ಬೊಟ್ಟು ನೋಡಿಕೊಂಡೆ. ಮೆಟ್ಟಿಲು ಬಂತು. ಮಂಡಿನೋವಿನವಳ ಹಾಗೆ ಒಂದೊಂದೇ ಇಳಿದೆ. ಕೆಳಗೆ ಚಪ್ಪಲಿ ಸ್ಟ್ಯಾಂಡಿನ ಹತ್ತಿರ ಕೂತು, ಸರಿಯಾಗಿಯೇ ಇದ್ದ ಚಪ್ಪಲಿಯ ಪಟ್ಟಿಯನ್ನು ಬಿಚ್ಚಿ ಮತ್ತೆ ಹಾಕಿಕೊಂಡೆ. “ಎಂತಕ್ಕ, ಇವತ್ತು ಬೇಗವಾ?” ಎಂದು ಕೇಳಿದವರು ವಾಚ್‌ಮನ್ ಮಾತ್ರ. ಬಸ್‌ಸ್ಟ್ಯಾಂಡಿನಲ್ಲಿ ಒಂದು ಬಸ್ಸನ್ನು ಬೇಕೆಂದೇ ಬಿಟ್ಟೆ, ಯಾರಾದರೂ ಓಡಿಕೊಂಡು ಬಂದರೆ ಸಿಗಬೇಕಲ್ಲ. ಉಪ್ಪಿನಂಗಡಿ ದಾಟುವವರೆಗೆ ಫೋನನ್ನು ಕೈಯಲ್ಲೇ ಹಿಡಿದುಕೊಂಡಿದ್ದೆ. ರಾಮಕುಂಜದ ಹತ್ತಿರ ನೆಟ್‌ವರ್ಕ್ ಹೋಯಿತು. ಈಗಲೇ ಫೋನ್ ಮಾಡುತ್ತಿರಬೇಕು ಪಾಪ ಎಂದುಕೊಂಡೆ. ಮನೆಯಂಗಳಕ್ಕೆ ಬಂದಾಗ ಫೋನ್ ಒಮ್ಮೆ ಟಿಣ್ ಎಂದಿತು. ರೀಚಾರ್ಜ್ ಮುಗಿಯುತ್ತಾ ಬಂದಿದೆ ಎಂಬ ಮೆಸೇಜು.

ನಾನಾಗಿ ಫೋನ್ ಮಾಡಬಹುದಿತ್ತು. ಆದರೆ ಮೊದಲು ಬಾಯಿಬಿಟ್ಟವರು ಸೋಲುತ್ತಾರೆ ಎಂಬುದು ನನ್ನ ವಿದ್ಯೆ. ನಾಲ್ಕು ದಿನ ಗೆಲ್ಲುತ್ತಾ ಕೂತೆ. ಐದನೇ ದಿನ, ನಿಮ್ಮ ಕಾಗದಪತ್ರ ತಯಾರಾಗಿದೆ, ಬಂದು ಸಹಿ ಹಾಕಿ ತೆಗೆದುಕೊಂಡು ಹೋಗಿ ಎಂಬ ಮೆಸೇಜು ಬಂತು. ಹೋಗಲಿಲ್ಲ. ಸಹಿ ಹಾಕಿದರೆ ವ್ಯಾಪಾರ ಕುದುರಿದ ಹಾಗಲ್ಲವೇ!

ನನ್ನ ಗಂಡ ಆಲಂಕಾರು–ಕಡಬ ನಡುವೆ ಜನರನ್ನು ತುಂಬಿಸಿಕೊಂಡು ಸರ್ವಿಸ್ ಜೀಪು ಓಡಿಸುವವರು. ಮಾತು ಕಡಿಮೆ. “ಕೆಲಸ ಬಿಟ್ಟೆ” ಎಂದೆ.

“ಬಿಟ್ಟದ್ದಾ, ಬಿಡಿಸಿದ್ದಾ?”

“ಬಿಟ್ಟದ್ದು.”

“ಆಯ್ತು” ಎಂದು ಜೀಪಿನ ಗಾಜು ಒರೆಸಲು ಹೋದರು. ಜೀಪಿನ ದುಡಿಮೆಯಲ್ಲಿ ಜೀಪು ಓಡುತ್ತಿತ್ತು, ಅಷ್ಟೆ. ಮನೆ ನಡೆಯುತ್ತಿದ್ದದ್ದು, ಸುಳ್ಯದಲ್ಲಿ ನರ್ಸಿಂಗ್ ಓದುವ ಮಗಳ ಹಾಸ್ಟೆಲ್ ನಡೆಯುತ್ತಿದ್ದದ್ದು ನನ್ನ ಸಂಬಳದಲ್ಲಿ. ಇದು ನಮ್ಮಿಬ್ಬರಿಗೂ ಗೊತ್ತಿತ್ತು. ಮಗಳಿಗೆ ಇನ್ನೂ ಒಂದೂವರೆ ವರ್ಷ ಓದು ಬಾಕಿ ಇತ್ತು. ಅಲ್ಲಿಯವರೆಗಾದರೂ ನನಗೊಂದು ಕೆಲಸ ಇರಲೇಬೇಕಾಗಿತ್ತು. ಹಾಗೆಂದು ಬಾಯಿಬಿಟ್ಟು ಹೇಳಲು ಮಾತ್ರ ನನ್ನಿಂದ ಆಗುತ್ತಿರಲಿಲ್ಲ.

ಊರಿನವರಿಗೂ ಅದನ್ನೇ ಹೇಳಿದೆ, ಸ್ವಲ್ಪ ಮಸಾಲೆ ಸೇರಿಸಿ. “ಸಾಕಾಯ್ತು ಮಾರಾಯ್ರೆ, ಇಪ್ಪತ್ತೊಂದು ವರ್ಷ ನಿಂತುಕೊಂಡೇ ಕಳೆದೆ. ಇನ್ನು ಮನೆಯಲ್ಲಿ ಆರಾಮ.” ರಾಮಕುಂಜದಲ್ಲಿ ನಮ್ಮ ದೊಡ್ಡಮ್ಮ ಇದ್ದಾರೆ, ನನ್ನ ಅತ್ತೆಯ ಅಕ್ಕ. ಯಾವ ಮನೆಯಲ್ಲಿ ಹೆಣ್ಣಿದೆ, ಯಾವ ಅಂಗಡಿಗೆ ಜನ ಬೇಕು, ಯಾರ ದನ ಗಬ್ಬ, ಎಲ್ಲ ಸುದ್ದಿಯೂ ಅವರ ಫೋನಿನ ಮೂಲಕವೇ ಹೋಗಬೇಕು. ಅವರಿಗೂ ಹೀಗೆಯೇ ಹೇಳಿದೆ. “ಒಳ್ಳೇದಾಯ್ತು ಮಗಾ, ಕಾಲು ನೀಡಿ ಕೂತ್ಕೋ” ಎಂದರು. ಕೆಲಸ ಬೇಕಾದವಳು ಮೊದಲು ಹೇಳಬೇಕಾದ ಮನೆಗೆ ಹೋಗಿ, ನನಗೆ ಕೆಲಸ ಬೇಡ ಎಂದು ಕಾಫಿ ಕುಡಿದು ಬಂದೆ.

ಇಷ್ಟರ ನಡುವೆ ಸಲಹೆ ಕೊಡುವ ಚಟ ಬೇರೆ. ಆ ಆರು ಜನರಲ್ಲಿ ನನಗಿಂತ ಕಿರಿಯಳೊಬ್ಬಳು ಫೋನ್ ಮಾಡಿ, “ಅಕ್ಕ, ನಾನು ಗೋಡೌನಿಗೆ ಹೋಗುದಾ, ಎಂತ ಮಾಡುದು?” ಎಂದು ಕೇಳಿದಳು. “ಹೋಗ್ಲೇಬೇಡ. ಎದ್ದು ಬಾ. ಅವರಾಗಿ ಕರೀತಾರೆ” ಎಂದೆ. ಅವಳು ತುಂಬ ಮರ್ಯಾದೆಯಿಂದ ಹೂಂ ಹೂಂ ಎಂದು ಕೇಳಿ, ಮರುದಿನವೇ ಮಂಗಳೂರಿಗೆ ಹೋಗಿ ಸೇರಿದಳು. ಈಗ ಆ ಗೋಡೌನಿಗೆ ಅವಳೇ ಇನ್‌ಚಾರ್ಜ್. ನನ್ನ ಸಲಹೆ ಕೇಳದೆ ಉದ್ಧಾರವಾದವರಲ್ಲಿ ಅವಳು ಮೊದಲನೆಯವಳೇನೂ ಅಲ್ಲ.

ತಿಂಗಳು ಕಳೆದ ಮೇಲೆ, ಮಗಳನ್ನು ನೋಡುವ ನೆಪದಲ್ಲಿ ಸುಳ್ಯಕ್ಕೆ ಹೋದೆ. ಅಲ್ಲಿ ಹೊಸತಾಗಿ ಶುರುವಾದ ಒಂದು ಬಟ್ಟೆ ಅಂಗಡಿಯವರಿಗೆ ಅನುಭವ ಇರುವವರು ಬೇಕು ಎಂದು ಬಾಗಿಲಲ್ಲೇ ಚೀಟಿ ಅಂಟಿಸಿದ್ದರು. ಒಳಗೆ ಹೋದೆ. ಬೇಕಾದ ಸೀರೆಯ ಮೇಲೆ ಕಣ್ಣಿಡಬಾರದು, ಪಕ್ಕದ ಸೀರೆಯನ್ನು ನೋಡಬೇಕು, ಬೇಕಾದದ್ದರಲ್ಲಿ ಎರಡು ತಪ್ಪು ಹುಡುಕಬೇಕು. ಇದು ಜಾಣ ಗಿರಾಕಿಯ ಲಕ್ಷಣ. ನಾನು ಕೆಲಸವನ್ನೂ ಹಾಗೆಯೇ ಕೇಳಲು ಹೋದೆ.

“ಬಾಗಿಲು ಸ್ವಲ್ಪ ಇಕ್ಕಟ್ಟು. ರೇಷ್ಮೆ ಇಟ್ಟ ಕಡೆ ಬೆಳಕು ಸಾಲುದಿಲ್ಲ. ಈ ಟೈಲ್ಸಿನಲ್ಲಿ ಮಳೆಗಾಲ ಜಾರ್ತದೆ” ಎಂದೆ.

ಅಂಗಡಿಯವರು ತಾಳ್ಮೆಯವರು. “ಅಕ್ಕ, ನೀವು ಕೆಲಸಕ್ಕೆ ಬಂದದ್ದಾ, ಅಂಗಡಿ ತಗೊಳ್ಳಿಕ್ಕೆ ಬಂದದ್ದಾ?” ಎಂದು ಕೇಳಿದರು.

“ಕೆಲಸಕ್ಕೇ. ಆದ್ರೆ ನನಗೆ ಹಾಗೆ ಅರ್ಜೆಂಟೇನಿಲ್ಲ. ಮಗಳನ್ನು ನೋಡ್ಲಿಕ್ಕೆ ಬಂದಿದ್ದೆ, ಹಾಗೇ ಕಂಡಿತು.”

“ಸಂಬಳ ಎಷ್ಟು ನಿರೀಕ್ಷೆ ಉಂಟು?”

“ನೀವೇ ಹೇಳಿ ಮೊದಲು.”

ಅವರು ಹೇಳಿದರು. ಕಡಿಮೆಯೇನಲ್ಲ. ಕೂಡಲೇ ಒಪ್ಪಿದರೆ ಅವರಿಗೇ ಅನುಮಾನ ಬರುತ್ತದೆ ಎಂದು ನಾನು ಮುಖ ಸಣ್ಣದು ಮಾಡಿ, “ಯೋಚಿಸಿ ಮುಂದಿನ ವಾರ ಹೇಳ್ತೇನೆ” ಎಂದೆ. ಹೊರಗೆ ಬಂದು ಜ್ಯೂಸ್ ಅಂಗಡಿಯಲ್ಲಿ ಕೂತು ಮಗಳಿಗೆ, ನೋಡು, ವ್ಯವಹಾರ ಅಂದರೆ ಹೀಗೆ ಮಾಡಬೇಕು ಎಂದು ಪಾಠ ಹೇಳಿದೆ. ಅವಳು ಸ್ಟ್ರಾ ಕಚ್ಚುತ್ತಾ, “ಅಮ್ಮ, ನಿನಗೆ ಆ ಕೆಲಸ ಬೇಕಾ ಬೇಡ್ವಾ?” ಎಂದು ಕೇಳಿದಳು. ಎಷ್ಟು ಓದಿಸಿದರೂ ಈ ಮಕ್ಕಳಿಗೆ ವ್ಯವಹಾರ ಬರುವುದಿಲ್ಲ ಎಂದುಕೊಂಡೆ. ಮುಂದಿನ ವಾರ ಸರಿಯಾಗಿ ಏಳನೇ ದಿನ ಫೋನ್ ಮಾಡಿದೆ. ನಾನು ಬಂದು ಹೋದ ಸಂಜೆಯೇ ಬಂದ ಒಬ್ಬಳು, ನಾಳೆಯಿಂದಲೇ ಬರುತ್ತೇನೆ ಎಂದಳಂತೆ.

ಆಗ ನನಗೆ ಭಯವಾಯಿತು. ಬೆಳಿಗ್ಗೆ ಎದ್ದು ಸೀರೆ ಉಡಲು ಕಾರಣವೇ ಇರಲಿಲ್ಲ. ನೈಟಿಯಲ್ಲೇ ಮಧ್ಯಾಹ್ನವಾಗುತ್ತಿತ್ತು. ಮನೆಯ ಬೆಡ್‌ಶೀಟುಗಳನ್ನೆಲ್ಲ ಶೋರೂಮಿನ ಹಾಗೆ ಮಡಚಿಟ್ಟು, ಮತ್ತೆ ಬಿಡಿಸಿ, ಮತ್ತೆ ಮಡಚುತ್ತಿದ್ದೆ. ಗಂಡ ಒಂದು ದಿನ ಕಪಾಟು ತೆರೆದು ನೋಡಿ, “ಇದರಲ್ಲಿ ಒಂದು ಟವೆಲ್ ತೆಗೀಬಹುದಾ, ಇಲ್ಲ ಬಿಲ್ ಮಾಡ್ಬೇಕಾ?” ಎಂದರು. ನಗು ಬರಲಿಲ್ಲ. ಅವರೂ ನಗಲಿಲ್ಲ. ಟವೆಲನ್ನು ಹೆಗಲಿಗೆ ಹಾಕಿಕೊಂಡು, “ಯಾರ ಹತ್ರ ಆದ್ರೂ ಕೇಳುದಲ್ವಾ ಮಾರಾಯ್ತಿ” ಎಂದರು. ಕೇಳುವುದು ನನಗೆ ಗೊತ್ತಿಲ್ಲದ ವಿದ್ಯೆ ಎಂದು ಅವರಿಗೆ ಹೇಗೆ ಹೇಳಲಿ? ಮದುವೆಗೆ ಮೊದಲು ಇವರು ಹೆಣ್ಣು ನೋಡಲು ಬಂದಾಗಲೂ ನನ್ನ ಮನಸ್ಸಿಗೆ ಹಿಡಿಸಿದ್ದರು. ಆದರೂ ನಾನು ಹೇಳಿದ್ದು, “ಯೋಚಿಸಿ ಹೇಳ್ತೇನೆ” ಎಂದೇ. ಪುಣ್ಯಕ್ಕೆ ಜೀಪಿನವರಿಗೆ ಸೀಟು ತುಂಬುವವರೆಗೆ ಕಾದು ಅಭ್ಯಾಸ.

ಹೀಗೇ ನಾಲ್ಕು ತಿಂಗಳಾಗುವ ಹೊತ್ತಿಗೆ ದೊಡ್ಡಮ್ಮನ ಮೊಮ್ಮಗಳ ಮದುವೆ ನಿಶ್ಚಯವಾಯಿತು. ಜವಳಿಗೆ ಹೋಗುವಾಗ ನೀನು ಬರಲೇಬೇಕು ಎಂದರು. ಬೇರೆ ಅಂಗಡಿ ನೋಡುವ ಎಂದು ನಾನು ಹೇಳಿ ನೋಡಿದೆ. “ಇಪ್ಪತ್ತೊಂದು ವರ್ಷ ಇದ್ದವಳು ನೀನು. ನಿನ್ನ ಮುಖ ನೋಡಿ ಅವರು ಕಡಿಮೆ ಮಾಡುದಿಲ್ವಾ?” ಎಂದರು ದೊಡ್ಡಮ್ಮ. ನಾನೇ ಕಟ್ಟಿದ ಸುಳ್ಳಿಗೆ ನಾನೇ ಹೇಗೆ ಬೇಡ ಎನ್ನಲಿ? ನನ್ನ ಗಂಡನ ಜೀಪಿನಲ್ಲೇ ಹದಿಮೂರು ಜನ ಪುತ್ತೂರಿಗೆ ಹೋದೆವು.

ಅದೇ ಮಾಳಿಗೆ, ಸೀರೆ ಹರಡುವ ಅದೇ ಬಿಳಿ ಹಾಸಿಗೆ. ಈ ಸಲ ನಾನು ಕೂತದ್ದು ಗಿರಾಕಿಗಳ ಕಡೆ. ಎದುರಿಗಿದ್ದವಳು ಹೊಸಬಳು. ಮದುಮಗಳಿಗೆ ಒಂದೇ ಬಣ್ಣದ ಎಂಟು ಸೀರೆ ತೋರಿಸಿದಳು. ದೊಡ್ಡಮ್ಮನ ಕಡೆಗೆ ತಿರುಗಿಯೂ ನೋಡಲಿಲ್ಲ. ಇವರು ಎದ್ದು ಹೋಗುತ್ತಾರೆ, ಈಗ ಎದ್ದು ಹೋಗುತ್ತಾರೆ ಎಂದು ಕನ್ನಡಿ ಕಂಬದ ಕಡೆ ನೋಡುತ್ತಲೇ ಇದ್ದೆ. ಒಂಬತ್ತನೇ ಸೀರೆಯ ಹೊತ್ತಿಗೆ ನನಗೇ ತಿಳಿಯದೆ ಆ ಕಡೆ ದಾಟಿ ಕೂತಿದ್ದೆ. ಮೇಲಿನ ಅಟ್ಟದಿಂದ ಮಾವಿನ ಚಿಗುರಿನ ಬಣ್ಣದ್ದೊಂದು ತೆಗೆಸಿ, ಸೆರಗನ್ನು ದೊಡ್ಡಮ್ಮನ ಮಡಿಲಿಗೆ ಹಾಕಿದೆ. ಅವರು ಶರಬತ್ತಿನ ಲೋಟ ಕೆಳಗಿಟ್ಟರು. ಒಂದೂವರೆ ಗಂಟೆಯಲ್ಲಿ ಹನ್ನೊಂದು ಸೀರೆ ಆಯಿತು. ಸಂಬಳವಿಲ್ಲದೆ ಅಷ್ಟು ಖುಷಿಯಾಗಿ ನಾನು ಎಂದೂ ದುಡಿದಿರಲಿಲ್ಲ.

ಮ್ಯಾನೇಜರ್ ದೂರದಲ್ಲಿ ನಿಂತು ನೋಡುತ್ತಿದ್ದ. ಈಗ ಅರ್ಥವಾಗಿರಬೇಕು ಇವನಿಗೆ, ನಾನು ಯಾರೆಂದು. ಬಂದ, ಕೈ ಮುಗಿದ. ಕರೆಯುತ್ತಾನೆ ಎಂದುಕೊಂಡು ನಾನು ಬೇಸರದ ಮುಖವನ್ನೂ ತಯಾರು ಮಾಡಿಕೊಂಡೆ.

“ಮೇಡಂ, ಒಳ್ಳೆ ಟೈಮಿಗೆ ಸಿಕ್ಕಿದ್ರಿ. ಕೆಲಸದಿಂದ ತೆಗೆದವರ ಲಿಸ್ಟಲ್ಲಿ ನಿಮ್ಮೊಬ್ಬರದ್ದೇ ಸಹಿ ಬಾಕಿ. ಹಾಗೇ ಹಾಕಿ ಹೋಗ್ತೀರಾ?”

ಅವನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಅವನದು ಲಿಸ್ಟು ಮುಗಿಸುವ ಚಿಂತೆ. ಆದರೆ ನಮ್ಮವರೆಲ್ಲರಿಗೂ ಅದು ಕೇಳಿತು. ನನ್ನ ಗಂಡ ಒಂದು ಸೀರೆಯ ಅಂಚನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ದೊಡ್ಡಮ್ಮ ಕನ್ನಡಕ ತೆಗೆದು, “ನಿನ್ನನ್ನು ತೆಗೆದದ್ದಾ? ನೀನೇ ಬಿಟ್ಟದ್ದಲ್ವಾ?” ಎಂದರು.

ಕೈಯಲ್ಲಿದ್ದ ಸೀರೆಯನ್ನು ಕೆಳಗಿಟ್ಟೆ. “ಹೌದು ದೊಡ್ಡಮ್ಮ, ತೆಗೆದದ್ದು. ನನಗೆ ಕೆಲಸ ಬೇಕು. ನಾಲ್ಕು ತಿಂಗಳಾಯ್ತು ಹುಡುಕ್ತಾ ಇದ್ದೇನೆ” ಎಂದೆ.

ಯಾರಾದರೂ ಅಯ್ಯೋ ಪಾಪ ಎನ್ನುತ್ತಾರೆ ಎಂದು ತಲೆ ತಗ್ಗಿಸಿದ್ದೆ. ದೊಡ್ಡಮ್ಮನಿಗೆ ಬಂದದ್ದು ಸಿಟ್ಟು. “ಮಂಡೆ ಸಮ ಉಂಟಾ ನಿನಗೆ? ಕಡಬದಲ್ಲಿ ನಮ್ಮ ಪರಿಚಯದವರ ಬಟ್ಟೆ ಅಂಗಡಿ ಉಂಟಲ್ಲ, ಅವರು ಮೂರು ತಿಂಗಳ ಹಿಂದೆ ನಿನ್ನನ್ನೇ ಕೇಳಿದ್ರು. ಅವಳು ಇನ್ನು ದುಡಿಯುದಿಲ್ಲಂತೆ, ಆರಾಮ ಮಾಡ್ತಾಳಂತೆ, ಬೇರೆ ಯಾರನ್ನಾದ್ರೂ ನೋಡಿ ಅಂತ ನಾನೇ ಹೇಳಿದೆ. ಆ ಜಾಗಕ್ಕೆ ಒಂದು ಹುಡುಗಿಯನ್ನು ಹುಡುಕಿ ಕೊಟ್ಟದ್ದೂ ನಾನೇ.”

ನನಗೆ ಬರಬೇಕಾದ ಕೆಲಸವನ್ನು ನಾನೇ ತಪ್ಪಿಸಿದ್ದೆ. ಇಷ್ಟು ಚೆನ್ನಾಗಿ ನನಗೆ ಬೇರೆ ಯಾರೂ ಮೋಸ ಮಾಡಿರಲಿಲ್ಲ. ಒಳಗೆ ಹೋಗಿ ಸಹಿ ಹಾಕಿದೆ. ಚೌಕಾಸಿ ಮಾಡಲು ಅಲ್ಲಿ ಏನೂ ಉಳಿದಿರಲಿಲ್ಲ. ಮ್ಯಾನೇಜರ್ ಹತ್ತು ಪರ್ಸೆಂಟಿನ ಒಂದು ಕೂಪನ್ ಕೊಟ್ಟ. ತೆಗೆದುಕೊಂಡೆ. ದೊಡ್ಡಮ್ಮನ ಬಿಲ್ಲಿಗೆ ಉಪಯೋಗಕ್ಕೆ ಬಂತು.

ದೊಡ್ಡಮ್ಮ ಬೈಯುತ್ತಲೇ ಕಡಬಕ್ಕೆ ಫೋನ್ ಮಾಡಿದರು. ಮರುದಿನ ಹೋದೆ. ಪುತ್ತೂರಿನ ಅಂಗಡಿಯ ಒಂದು ಮಾಳಿಗೆಯಲ್ಲಿ ಇಂಥ ಎರಡು ಅಂಗಡಿ ಹಿಡಿಸಬಹುದು. ಅರ್ಧ ರೆಡಿಮೇಡ್, ಅರ್ಧ ಸೀರೆ, ಬಾಗಿಲಲ್ಲಿ ಕೊಡೆ, ರೈನ್‌ಕೋಟು. ಅಂಗಡಿಯವರು ವಯಸ್ಸಾದವರು. ಎದ್ದು ಕುರ್ಚಿ ಕೊಟ್ಟರು.

“ನಿಮ್ಮಂಥವರಿಗೆ ಇದು ಸಣ್ಣದಾಯ್ತು, ಅಲ್ವಾ ಅಕ್ಕ?”

ಆಯಿತು ಎನ್ನಲು ಬಾಯಿ ತೆರೆದಿತ್ತು. ಕಷ್ಟಪಟ್ಟು ಮುಚ್ಚಿದೆ. “ಇಲ್ಲ ಅಣ್ಣ. ಅಲ್ಲಿ ನನ್ನನ್ನು ತೆಗೆದ್ರು. ನನಗೆ ಈ ಕೆಲಸ ಬೇಕು” ಎಂದೆ. ಹೆರಿಗೆ ಕೋಣೆಗೆ ಹೋದಾಗಲೂ ನಾನು ಇಷ್ಟು ಬೆವರಿರಲಿಲ್ಲ.

“ಸೀರೆ ವಿಭಾಗ ಆ ಹುಡುಗಿ ನೋಡ್ತಾಳೆ. ಅವಳನ್ನು ತೆಗೀಲಿಕ್ಕೆ ಆಗುದಿಲ್ಲ. ಅವಳ ಜೊತೆ ಕೆಲಸ ಮಾಡ್ಬೇಕು, ಅವಳು ಹೇಳಿದ ಹಾಗೆ.”

ಇಪ್ಪತ್ತನಾಲ್ಕರ ಆ ಹುಡುಗಿ ಅಷ್ಟು ದೂರದಲ್ಲಿ, ರೇಷ್ಮೆ ಸೀರೆಯನ್ನು ಹತ್ತಿ ಸೀರೆಯ ಹಾಗೆ ಮಡಚುತ್ತಿದ್ದಳು. ನಾನು ನೋಡಿದೆ. ನೋಡದವಳ ಹಾಗೆ ಇದ್ದೆ. “ಆಗ್ಬಹುದು” ಎಂದೆ.

ಸಂಬಳ ಹೇಳಿದರು. ಹಿಂದಿನದಕ್ಕಿಂತ ಕಡಿಮೆ, ಸುಳ್ಯದವರು ಹೇಳಿದ್ದಕ್ಕಿಂತಲೂ ಕಡಿಮೆ. ಮಗಳ ಹಾಸ್ಟೆಲಿಗೆ ಸಾಕು. ಅದಕ್ಕೂ “ಆಗ್ಬಹುದು” ಎಂದೆ. ಅವರ ಮುಖದಲ್ಲಿ ಒಂದು ಸಣ್ಣ ನಿರಾಸೆ ಕಂಡಿತು. ಇಷ್ಟು ಹೆಸರುವಾಸಿಯಾದ ಚೌಕಾಸಿಯವಳು ಬರುತ್ತಾಳೆಂದು ಅವರು ಸ್ವಲ್ಪ ಜಾಸ್ತಿ ಕೊಡಲು ತಯಾರಾಗಿ ಕೂತಿದ್ದರಂತೆ. ಇದನ್ನು ಅವರೇ ಆಮೇಲೆ ಹೇಳಿದ್ದು. ಕೇಳಿದ ದಿನ ನನಗೆ ಊಟ ಸೇರಲಿಲ್ಲ. ಹಾಗೆಂದು ನೀವು ನನ್ನ ಹಳೆಯ ಬುದ್ಧಿಯನ್ನು ಕಲಿಯಬೇಡಿ. ನಿಜ ಹೇಳುವುದಕ್ಕೂ ಸ್ವಲ್ಪ ಖರ್ಚಿದೆ, ಅಷ್ಟೆ. ಆರು ತಿಂಗಳ ಬಳಿಕ ಜಾಸ್ತಿ ಮಾಡಿ ಎಂದು ನೇರವಾಗಿಯೇ ಕೇಳಿದೆ. ಮಾಡಿದರು.

ಕೆಲಸ ಒಪ್ಪಿಕೊಂಡ ಆ ದಿನ ಸಂಜೆ ಕಡಬದಿಂದ ಗಂಡನ ಜೀಪಿನಲ್ಲೇ ಹಿಂದೆ ಹೊರಟೆ. ಜೀಪು ತುಂಬ ಜನ. ಎದುರಿಗೆ ಕೂತಿದ್ದ, ನಮ್ಮ ಊರಿನವರೇ ಆದ ಒಬ್ಬರು ಹೆಂಗಸು, “ಎಂತ ಕಡಬದಲ್ಲಿ?” ಎಂದು ಕೇಳಿದರು. ಎರಡು ದಿನದ ಹಿಂದಾಗಿದ್ದರೆ ಹಾಗೇ ಸುಮ್ಮನೆ ಬಂದಿದ್ದೆ ಎನ್ನುತ್ತಿದ್ದೆ. “ಪುತ್ತೂರಿನಲ್ಲಿ ನನ್ನನ್ನು ಕೆಲಸದಿಂದ ತೆಗೆದ್ರು. ಇಲ್ಲಿ ಬಟ್ಟೆ ಅಂಗಡಿಗೆ ಸೇರಿದೆ. ಸೋಮವಾರದಿಂದ. ಸಂಬಳ ಕಡಿಮೆ, ಒಂದು ಹುಡುಗಿಯ ಕೈಕೆಳಗೆ” ಎಂದು ಇಡೀ ಜೀಪಿಗೆ ಕೇಳುವ ಹಾಗೆ ಹೇಳಿದೆ. ಗಂಡ ಕನ್ನಡಿಯಲ್ಲಿ ಒಮ್ಮೆ ನನ್ನನ್ನು ನೋಡಿ, ಗೇರ್ ಬದಲಾಯಿಸಿದರು.

ಆ ಹೆಂಗಸು ನನ್ನ ಮುಖ ನೋಡಿದರು. ಆಮೇಲೆ ಸರಿದು ಹತ್ತಿರ ಬಂದು, ದನಿ ತಗ್ಗಿಸಿ, “ಅಲ್ಲಿ ಇನ್ನೊಬ್ಬರು ಬೇಕಂತಾ? ನಮ್ಮ ಸೊಸೆಯನ್ನೂ ತೆಗೆದಿದ್ದಾರೆ, ಎರಡು ತಿಂಗಳಾಯ್ತು. ಮನೆಯಲ್ಲೇ ಇದ್ದಾಳೆ. ಯಾರಿಗೂ ಹೇಳ್ಲಿಲ್ಲ ನಾವು” ಎಂದರು.

ಸೊಸೆಯ ನಂಬರ್ ಬರೆದುಕೊಂಡೆ. ಮೊದಲು ರಾಮಕುಂಜಕ್ಕೆ ಹೋಗಿ ದೊಡ್ಡಮ್ಮನಿಗೆ ಹೇಳಿ ಬನ್ನಿ, ಇವತ್ತೇ ಹೋಗಿ ಎಂದೆ.